ಹೊಸ ಟಿ.ವ್ಹಿ., ಹಳೆಯ ತಂತಿಗಳು

ದೀಪಾವಳಿಯ ಅಮಾವಾಸ್ಯೆಗೆ ಹುಲಜಂತಿಗೆ ಹೋಗಿಬರುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದ ಪರಿಪಾಠ. ಮಂಗಳವೇಢೆ ತಾಲೂಕಿನ ಈ ಊರಿನ ಮಾಳಿಂಗರಾಯನ ಜಾತ್ರೆಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಗುರು ಬೀರಲಿಂಗನ ಶಿಷ್ಯನಾದ ಈ ಸತ್ಪುರುಷನ ಗುಡಿಯ ಶಿಖರಕ್ಕೆ ಅಮಾವಾಸ್ಯೆಯ ರಾತ್ರಿ ಸಾಕ್ಷಾತ್ ಶಿವನೇ ಬಂದು ಮುಂಡಾಸ ಸುತ್ತುವನೆಂಬುದು ಭಕ್ತರ ನಂಬುಗೆ. ಪಲ್ಲಕ್ಕಿಗಳ ಭೇಟಿ, ಭಂಡಾರದ ಹಳದಿ, ಡೊಳ್ಳಿನ ಗುಡುಗು ಇವುಗಳ ನಡುವೆ ನಿಂತಾಗ ಎಡಕ್ಕೆ ನಿಂತವರು ಮಹಾರಾಷ್ಟ್ರದವರೋ, ಬಲಕ್ಕೆ ನಿಂತವರು ಕರ್ನಾಟಕದವರೋ ಎಂಬ ವಿಚಾರವೇ ಹುಟ್ಟುವುದಿಲ್ಲ.

ಕಳೆದ ಸಲ ಜಾತ್ರೆ ಮುಗಿಸಿಕೊಂಡು ಬೀಗರ ಮನೆಗೆ ಊಟಕ್ಕೆ ಹೋದೆವು. ಪಡಸಾಲೆಯ ಗೋಡೆಗೆ ಹೊಸ ಟಿ.ವ್ಹಿ. ಒರಗಿ ನಿಂತಿತ್ತು. ಪಾಡ್ಯದ ಮುಹೂರ್ತಕ್ಕೆಂದು ಸೊಲ್ಲಾಪುರದಿಂದ ತಂದುದು. ತಂದಿಟ್ಟ ಅಂಗಡಿಯ ಹುಡುಗ ಗೋಡೆಗೆ ಮೊಳೆ ಹೊಡೆಯುವವನು ನಾಳೆ ಬರುವನೆಂದು ಹೇಳಿ ಹೋಗಿದ್ದನಂತೆ. ಅದರ ಸುತ್ತ ನೆಲದ ಮೇಲೆ ಛತ್ರಿ ಅಂಟೆನಾದ ಸೆಟ್‌ಟಾಪ್ ಬಾಕ್ಸ್, ಹತ್ತು ವರ್ಷದ ಹಿಂದೆ ಕೊಂಡ ಡಿ.ವ್ಹಿ.ಡಿ. ಸಹಿತವಾದ ಹೋಮ್ ಥಿಯೇಟರ್, ಮತ್ತು ಕಪಾಟಿನ ಮೇಲಿಂದ ಧೂಳು ಕೊಡವಿ ಇಳಿಸಿದ ಒಂದು ವ್ಹಿ.ಸಿ.ಆರ್. ಹರಡಿಕೊಂಡಿದ್ದವು. ತಂತಿಗಳಂತೂ ಶಾವಿಗೆಯಂತೆ ಸುತ್ತಿಕೊಂಡು ಬಿದ್ದಿದ್ದವು. ಮನೆಯ ಯಜಮಾನರು ನಮ್ಮನ್ನು ಕಂಡೊಡನೆ, “ಬಂದದ್ದು ಭಾಳ ಚಲೋ ಆತು, ಇದರದೊಂದು ದಾರಿ ತೋರಸ್ರಿ” ಎಂದರು.

ಇಂಥ ಪಡಸಾಲೆಯನ್ನು ಈಗ ಮನೆಮನೆಯಲ್ಲಿಯೂ ಕಾಣಬಹುದು. ಈ ತಿಂಗಳು ಅದನ್ನೇ ಬರೆಯೋಣವೆಂದುಕೊಂಡೆವು.

ಮೊದಲು ಟಿ.ವ್ಹಿ.ಗೆ ಎರಡೇ ತಂತಿ. ಒಂದು ವಿದ್ಯುತ್ತಿನದು, ಇನ್ನೊಂದು ಅಂಟೆನಾದ್ದು. ನಮ್ಮ ಸೀಮೆಗೆ ಹತ್ತಿರದಲ್ಲಿ ಟಿ.ವ್ಹಿ. ಕಾಲಿಟ್ಟದ್ದು ಪಟ್ಟಣಕ್ಕಲ್ಲ, ಹಳ್ಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕೆಯ ಎ.ಟಿ.ಎಸ್.-6 ಉಪಗ್ರಹದ ಮುಖಾಂತರ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ಕರ್ನಾಟಕದ ಪಾಲಿಗೆ ಆಯ್ದವು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಅಂದರೆ ನಮ್ಮ ಗಡಿಯ ಆಚೆಗಿನ ಹೊಲಗಳಲ್ಲಿಯೇ ಕನ್ನಡದ ಟಿ.ವ್ಹಿ. ಮಾತನಾಡುತ್ತಿತ್ತು, ಈಚೆಗಿನ ನಮ್ಮ ಹಳ್ಳಿಗಳು ಆ ಯಾದಿಯಲ್ಲಿ ಇರಲಿಲ್ಲ. ಮುಂದೆ 1982ರಲ್ಲಿ ದಿಲ್ಲಿಯ ಏಷ್ಯಾಡ್ ಆಟಗಳ ಕಾಲಕ್ಕೆ ಬಣ್ಣ ಬಂದಿತು. ಬಳಿಕ ವ್ಹಿ.ಸಿ.ಆರ್., ಕೇಬಲ್, ಸಿ.ಡಿ., ಡಿ.ವ್ಹಿ.ಡಿ. ಒಂದರ ಹಿಂದೊಂದು ಬಂದವು. ಸೊಲ್ಲಾಪುರ ನಗರದ ಕೇಬಲ್ ಮನೆಗಳಿಗೆ 2013ರಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಬಂದ ಒಂದೊಂದು ಯಂತ್ರವೂ ತನ್ನದೊಂದು ತಂತಿಯನ್ನು ತಂದಿತು. ಹೋದ ಯಂತ್ರ ಮಾತ್ರ ತನ್ನ ತಂತಿಯನ್ನು ಒಯ್ಯಲಿಲ್ಲ.

ತಂತಿ ಕೈಗೆತ್ತಿಕೊಳ್ಳುವ ಮುನ್ನ ಒಂದು ಹಾಳೆ, ಒಂದು ಪೆನ್ಸಿಲ್ ಎತ್ತಿಕೊಳ್ಳಬೇಕು. ನಾವು ಅಂದು ಮಾಡಿದ ಮೊದಲ ಕೆಲಸ ಇದೇ. ಹಾಳೆಯ ನಡುವೆ ಟಿ.ವ್ಹಿ.ಯನ್ನು ಬರೆದು, ಸುತ್ತಲೂ ಉಳಿದ ಯಂತ್ರಗಳನ್ನು ಬರೆದು, ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಹಾಕಿದೆವು. ಚಿತ್ರ ಎಲ್ಲಿಂದ ಎಲ್ಲಿಗೆ ಹೋಗಬೇಕು? ಧ್ವನಿ ಎಲ್ಲಿಂದ ಎಲ್ಲಿಗೆ ಹೋಗಬೇಕು? ಬಾವಿಯಿಂದ ಹೊಲಕ್ಕೆ ನೀರು ಹಾಯಿಸುವವನಿಗೆ ಕಾಲುವೆಯ ಇಳಿಜಾರು ಮೊದಲು ತಿಳಿದಿರಬೇಕಲ್ಲವೆ? ಹಾಗೆಯೇ ಇದು. ಯಂತ್ರಗಳ ಬೆನ್ನಿಗೆ ‘ಔಟ್’ ಎಂದು ಬರೆದ ಕಿಂಡಿಯಿಂದ ಹೊರಟದ್ದು ಮುಂದಿನದರ ‘ಇನ್’ ಎಂಬ ಕಿಂಡಿಗೆ ಸೇರಬೇಕು. ‘ಔಟ್’ಗೆ ‘ಔಟ್’ ಜೋಡಿಸಿ, ಯಂತ್ರ ಕೆಟ್ಟಿದೆಯೆಂದು ರಿಪೇರಿಗೆ ಒಯ್ದವರನ್ನು ನಾವು ಬಲ್ಲೆವು. ಜೋಡಿಸುವಾಗ ಎಲ್ಲ ಯಂತ್ರಗಳ ವಿದ್ಯುತ್ತಿನ ಪಿನ್ನನ್ನು ಕಿತ್ತಿಟ್ಟಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಹೊಸ ಟಿ.ವ್ಹಿ.ಯ ಬೆನ್ನಿಗೆ ಮೂರು ಚಪ್ಪಟೆ ಕಿಂಡಿಗಳಿದ್ದವು. ಎಚ್.ಡಿ.ಎಂ.ಐ. ಎಂಬುದು ಇವುಗಳ ಹೆಸರು. 2002ರಲ್ಲಿ ಇದರ ಮೊದಲ ನಿಯಮಾವಳಿ ಹೊರಬಿತ್ತು. ಚಿತ್ರ, ಧ್ವನಿ ಎರಡೂ ಅಂಕಿಗಳ ರೂಪದಲ್ಲಿ ಒಂದೇ ತಂತಿಯೊಳಗೆ ಹರಿಯುವುದು ಇದರ ಹೆಚ್ಚುಗಾರಿಕೆ. ಸೆಟ್‌ಟಾಪ್ ಬಾಕ್ಸಿನಿಂದ ಒಂದು ಕಿಂಡಿಗೆ ಇಂಥ ಒಂದು ತಂತಿ ಹಾಕಿದರೆ ಮುಗಿಯಿತು. ರಿಮೋಟಿನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಎಂಬ ಗುಂಡಿ ಒತ್ತಿ ಆ ಕಿಂಡಿಯ ಸಂಖ್ಯೆಯನ್ನು ಆಯ್ದುಕೊಳ್ಳಬೇಕು. ‘ಸಿಗ್ನಲ್ ಇಲ್ಲ’ ಎಂದು ಪರದೆಯ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ಗುಂಡಿಯ ದೋಷದಿಂದಲೇ.

ಮೂರು ಕಿಂಡಿಗಳಲ್ಲಿ ಒಂದರ ಪಕ್ಕಕ್ಕೆ ಇಂಗ್ಲಿಷಿನ ಎ, ಆರ್, ಸಿ ಎಂಬ ಅಕ್ಷರಗಳಿರುತ್ತವೆ. ಈ ಕಿಂಡಿಯನ್ನು ಸೆಟ್‌ಟಾಪ್ ಬಾಕ್ಸಿಗೆ ಕೊಟ್ಟು ಕಳೆದುಕೊಳ್ಳಬಾರದು. 2009ರಲ್ಲಿ ಬಂದ ಈ ಏರ್ಪಾಡಿನಲ್ಲಿ ಅದೇ ತಂತಿಯೊಳಗೆ ಧ್ವನಿ ಹಿಮ್ಮುಖವಾಗಿಯೂ ಹರಿಯುತ್ತದೆ. ಬೀಗರ ಮನೆಯ ಹೋಮ್ ಥಿಯೇಟರಿನ ಎಚ್.ಡಿ.ಎಂ.ಐ. ಕಿಂಡಿಗೂ ಅವೇ ಮೂರು ಅಕ್ಷರಗಳಿದ್ದವು. ಎರಡನ್ನೂ ಒಂದು ತಂತಿಯಿಂದ ಕೂಡಿಸಿದೆವು. ಡಿ.ವ್ಹಿ.ಡಿ.ಯ ಚಿತ್ರ ಆ ತಂತಿಯಿಂದ ಟಿ.ವ್ಹಿ.ಗೆ ಬಂದಿತು, ಟಿ.ವ್ಹಿ.ಯ ಧ್ವನಿ ಅದೇ ತಂತಿಯಿಂದ ಮರಳಿ ದೊಡ್ಡ ಸ್ಪೀಕರುಗಳಿಗೆ ಹೋಯಿತು. ಇದಕ್ಕಾಗಿ ಟಿ.ವ್ಹಿ.ಯ ಸೆಟ್ಟಿಂಗಿನಲ್ಲಿ ‘ಸಿ.ಇ.ಸಿ.’ ಎಂಬುದನ್ನು ಚಾಲೂ ಮಾಡಿ, ಧ್ವನಿಯ ಯಾದಿಯಲ್ಲಿ ಹೊರಗಿನ ಸ್ಪೀಕರನ್ನು ಆರಿಸಬೇಕು. ಅಷ್ಟಾದರೂ ಮೌನವಾಗಿದ್ದರೆ ಧ್ವನಿಯ ಬಗೆಯನ್ನು ‘ಪಿ.ಸಿ.ಎಂ.’ ಎಂಬುದಕ್ಕೆ ಬದಲಿಸಬೇಕು. ಹಳೆಯ ಯಂತ್ರಗಳಿಗೆ ಈ ಸರಳ ಬಗೆ ಚೆನ್ನಾಗಿ ತಿಳಿಯುತ್ತದೆ.

ಹೋಮ್ ಥಿಯೇಟರಿಗೆ ಈ ಅನುಕೂಲವಿಲ್ಲದವರು ಧೃತಿಗೆಡಬೇಕಿಲ್ಲ. ಅನೇಕ ಟಿ.ವ್ಹಿ.ಗಳಿಗೆ ‘ಆಪ್ಟಿಕಲ್’ ಎಂಬ ಚೌಕ ಕಿಂಡಿ ಇರುತ್ತದೆ. ಅದರಲ್ಲಿ ಧ್ವನಿ ಬೆಳಕಿನ ರೂಪದಲ್ಲಿ ಹೋಗುತ್ತದೆ. ಹೊಸ ತಂತಿಯ ತುದಿಗಿರುವ ಸಣ್ಣ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ತೆಗೆದ ಮೇಲೆಯೇ ಚುಚ್ಚಬೇಕು. ಅದೂ ಇಲ್ಲವಾದರೆ ಹೆಡ್‌ಫೋನಿನ ಕಿಂಡಿಯಿಂದ ಹಳೆಯ ಟೇಪ್ ಡೆಕ್ಕಿನ ‘ಆಕ್ಸ್’ ಎಂಬ ಕಿಂಡಿಗೆ ತಂತಿ ಒಯ್ಯಬಹುದು. ಮಾತು ಮೊದಲು, ತುಟಿ ಆಮೇಲೆ ಎಂಬಂತಾದರೆ ಧ್ವನಿಯನ್ನು ಕೊಂಚ ತಡೆದು ಬಿಡುವ ‘ಡಿಲೇ’ ಎಂಬ ಸೌಕರ್ಯ ಸೆಟ್ಟಿಂಗಿನಲ್ಲಿ ಇರುತ್ತದೆ.

ಇಷ್ಟಾಗುವ ಹೊತ್ತಿಗೆ ರಾತ್ರಿ ಒಂಬತ್ತು. ಟಿ.ವ್ಹಿ. ಹೊತ್ತಿತು. ಮೊದಲು ಒಂದು ಹಿಂದಿ ವಾಹಿನಿ, ಆಮೇಲೆ ಮರಾಠಿ ಸುದ್ದಿ, ಮತ್ತೆ ಹಿಂದಿ. ಮಕ್ಕಳು ಕುಣಿದರು. ಕಂಬಕ್ಕೆ ಆತು ಕುಳಿತಿದ್ದ ಆಯಿ ಬಹಳ ಹೊತ್ತು ನೋಡಿ, “ಇಷ್ಟು ದೊಡ್ಡ ಪೆಟಗಿ ತಂದೀರಿ, ಇದಕ್ಕ ನಮ್ಮ ಮಾತ ಬರೂದಿಲ್ಲೇನೋ ತಮ್ಮಾ?” ಎಂದು ಕೇಳಿದಳು.

“ಬರತೈತಿ ಆಯಿ, ನಾವ ಕಲಸಬೇಕು” ಎಂದೆವು. ಅಂದ ಮೇಲೆ ಆ ಮಾತು ನಮ್ಮ ಮನಸ್ಸಿನಲ್ಲಿಯೇ ಉಳಿಯಿತು.

ಮರಾಠಿ ನಮಗೆ ಪರಕೀಯವಲ್ಲ. ಸಂತೆಯಲ್ಲಿ, ಕಚೇರಿಯಲ್ಲಿ, ನೆರೆಮನೆಯಲ್ಲಿ ನಾವು ಅದನ್ನಾಡುತ್ತೇವೆ. ಮಕ್ಕಳು ಅದರಲ್ಲಿ ಕಲಿಯುತ್ತಾರೆ. ಆದರೆ ಗಡಿಯ ಈಚೆಗೆ ಒಂದು ಸಂಗತಿಯನ್ನು ನೆನಪಿಡಬೇಕು. ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಟಿ.ವ್ಹಿ. ಹಚ್ಚಿದರೆ ಕನ್ನಡ ತಾನಾಗಿ ಬರುತ್ತದೆ. ನಮ್ಮಲ್ಲಿ ಕೇಳಿ ಪಡೆದರೆ ಮಾತ್ರ ಬರುತ್ತದೆ. ಇಲ್ಲಿ ಹಾಕಿಕೊಡುವ ಪ್ಯಾಕು ಸಾಮಾನ್ಯವಾಗಿ ಈ ರಾಜ್ಯದ ಭಾಷೆಯದು. ಅದು ಯಾರ ತಪ್ಪೂ ಅಲ್ಲ; ಕೇಳದೆ ಇದ್ದರೆ ಮಾತ್ರ ನಮ್ಮ ತಪ್ಪು. 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ವ್ಯವಸ್ಥೆಯಂತೆ ಗಿರಾಕಿಯು ವಾಹಿನಿಗಳನ್ನು ಬಿಡಿಬಿಡಿಯಾಗಿಯೂ ಆಯ್ದುಕೊಳ್ಳಬಹುದು. ನೋಡದ ವಾಹಿನಿಗಳನ್ನು ಬಿಟ್ಟು, ಅದೇ ಹಣದಲ್ಲಿ ಕನ್ನಡದ ಕೆಲವನ್ನು ಸೇರಿಸಿಕೊಳ್ಳಲು ಬರುತ್ತದೆ. ತಿಂಗಳ ಬಾಡಿಗೆಯೇ ಬೇಡವೆನ್ನುವವರಿಗೆ 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಇದೆ. ಛತ್ರಿ ಮತ್ತು ಪೆಟ್ಟಿಗೆಯ ಬೆಲೆ ಒಮ್ಮೆ ಕೊಟ್ಟರಾಯಿತು. ಅದರಲ್ಲಿ ‘ಚಂದನ’ ವಾಹಿನಿ ಬರುತ್ತದೆ. ಇನ್ನೂ ಒಂದು ಮಾತು. ಕೆಲವು ವಾಹಿನಿಗಳು ಒಂದೇ ಚಿತ್ರದ ಜೊತೆಗೆ ಹಲವು ಭಾಷೆಗಳ ಧ್ವನಿಯನ್ನು ಕಳಿಸುತ್ತವೆ. ಸೆಟ್‌ಟಾಪ್ ಬಾಕ್ಸಿನ ರಿಮೋಟಿನಲ್ಲಿ ‘ಆಡಿಯೋ’ ಅಥವಾ ‘ಲ್ಯಾಂಗ್ವೇಜ್’ ಎಂಬ ಗುಂಡಿ ಇದ್ದರೆ ಒಮ್ಮೆ ಒತ್ತಿ ನೋಡಬೇಕು. ಕನ್ನಡ ಅಲ್ಲಿಯೇ ಅಡಗಿ ಕುಳಿತಿರುವುದೂ ಉಂಟು.

ಮನೆಯ ಹಿರಿಯ ಸೊಸೆ ಅಲ್ಲಿಯೇ ಕುಳಿತು ಫೋನು ಮಾಡಿ ನಾಲ್ಕು ಕನ್ನಡ ವಾಹಿನಿಗಳನ್ನು ಸೇರಿಸಿದಳು. ಅರ್ಧ ತಾಸಿನಲ್ಲಿ ಆಯಿಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇನ್ನು ಉಳಿದದ್ದು ವ್ಹಿ.ಸಿ.ಆರ್. ಇದನ್ನು ಯಾಕೆ ಇಳಿಸಿದಿರೆಂದು ಕೇಳಿದೆವು. ಯಜಮಾನರು ಟ್ರಂಕಿನಿಂದ ಒಂದು ಕ್ಯಾಸೆಟ್ ತಂದು ಕೈಗಿತ್ತರು. 1994ರಲ್ಲಿ ಮನೆಯ ಹಿರಿಯ ಮಗಳ ಲಗ್ನದಲ್ಲಿ ತೆಗೆಸಿದ್ದು. ಅದರ ಕೊನೆಯಲ್ಲಿ ಮುತ್ಯಾ ಡೊಳ್ಳು ಕೊರಳಿಗೆ ಹಾಕಿಕೊಂಡು ಮಾಳಿಂಗರಾಯನ ಪದ ಹಾಡಿದ್ದು ಇದೆಯೆಂದರು. ಮುತ್ಯಾ ಹೋಗಿ ಎಷ್ಟೋ ವರ್ಷಗಳಾದವು. ಅವನ ಪದ ಯಾರೂ ಬರೆದಿಟ್ಟುಕೊಂಡಿಲ್ಲ. ಫೋಟೋ ಉಂಟು, ಧ್ವನಿ ಇರುವುದು ಈ ಒಂದರಲ್ಲಿ ಮಾತ್ರ.

ಹಳೆಯ ವ್ಹಿ.ಸಿ.ಆರ್.ನಿಂದ ಹೊರಬರುವುದು ಹಳದಿ, ಬಿಳಿ, ಕೆಂಪು ಪಿನ್ನುಗಳ ತಂತಿ. ಹಳದಿ ಚಿತ್ರಕ್ಕೆ, ಬಿಳಿ ಎಡ ಧ್ವನಿಗೆ, ಕೆಂಪು ಬಲ ಧ್ವನಿಗೆ. ಹೊಸ ಟಿ.ವ್ಹಿ.ಗಳಲ್ಲಿ ಕೆಲವಕ್ಕೆ ಈ ಮೂರರ ಬದಲು ‘ಎ.ವ್ಹಿ.’ ಎಂಬ ಒಂದೇ ದುಂಡು ಕಿಂಡಿ ಇರುತ್ತದೆ. ಅದಕ್ಕೆ ಮೂರು ಬಣ್ಣದ ಬಾಲವಿರುವ ಜೋಡಣೆ ತುಂಡು ಬೇಕು. ಪೆಟ್ಟಿಗೆಯಲ್ಲಿಯೇ ಬಂದಿದ್ದರೆ ಅದನ್ನು ಎಸೆಯಬಾರದು. ಈ ಟಿ.ವ್ಹಿ.ಗೆ ಅದೂ ಇರಲಿಲ್ಲ. ಆಗ ಉಳಿಯುವ ದಾರಿ ಒಂದೇ, ಬೆಂಕಿಪೆಟ್ಟಿಗೆಗಿಂತ ಕೊಂಚ ದೊಡ್ಡದಾದ ಪರಿವರ್ತಕ. ಕೊಳ್ಳುವಾಗ ಎಚ್ಚರ ಬೇಕು. ‘ಎ.ವ್ಹಿ.ಯಿಂದ ಎಚ್.ಡಿ.ಎಂ.ಐ.ಗೆ’ ಎಂಬುದೇ ಬೇರೆ, ‘ಎಚ್.ಡಿ.ಎಂ.ಐ.ಯಿಂದ ಎ.ವ್ಹಿ.ಗೆ’ ಎಂಬುದೇ ಬೇರೆ. ನೋಡಲು ಅವಳಿಜವಳಿ, ಒಂದರ ಕೆಲಸ ಇನ್ನೊಂದು ಮಾಡದು. ನಮಗೆ ಬೇಕಾದದ್ದು ಮೊದಲನೆಯದು. ಅದಕ್ಕೆ 5 ವೋಲ್ಟಿನ ವಿದ್ಯುತ್ತು ಬೇಕು. ಮೊಬೈಲಿನ ಚಾರ್ಜರಿನಿಂದ ಕೊಡಬಹುದು. ಮರುದಿನ ಮೊಮ್ಮಗ ಸೊಲ್ಲಾಪುರಕ್ಕೆ ಹೋಗಿ ತಂದ. ಮೂರನೆಯ ಕಿಂಡಿಯೂ ತುಂಬಿತು.

ವ್ಹಿ.ಸಿ.ಆರ್.ಗೆ ಧ್ವನಿಯ ಕಿಂಡಿ ಒಂದೇ ಇತ್ತು. ಅದನ್ನು ಪರಿವರ್ತಕದ ಬಿಳಿ ಕಿಂಡಿಗೆ ಹಾಕಿದೆವು. ಎಡದ ಸ್ಪೀಕರಿನಲ್ಲಿ ಮಾತ್ರ ಧ್ವನಿ ಬಂದಿತು. ಒಂದನ್ನು ಎರಡು ಮಾಡುವ ಕವಲು ಪಿನ್ನು ಹಾಕಿದ ಮೇಲೆ ಎರಡೂ ಕಡೆ ಸಮನಾಯಿತು. ಹಳೆಯ ಚಿತ್ರದ ಅಗಲ-ಎತ್ತರದ ಪ್ರಮಾಣ 4:3, ಹೊಸ ಪರದೆಯದು 16:9. ಹಾಗೆಯೇ ಬಿಟ್ಟರೆ ಮದುಮಗಳ ಮುಖ ರೊಟ್ಟಿಯಂತೆ ಅಗಲವಾಗುತ್ತದೆ. ಸೆಟ್ಟಿಂಗಿನಲ್ಲಿ 4:3 ಮಾಡಿದರೆ ಎರಡು ಪಕ್ಕಗಳಲ್ಲಿ ಕಪ್ಪು ಪಟ್ಟಿ ಬಂದರೂ ಮುಖಗಳು ಮುಖಗಳಾಗಿ ಉಳಿಯುತ್ತವೆ. ಚಿತ್ರ ಮಸುಕಾಗಿದೆಯೆಂದು ಬೇಸರಿಸಬಾರದು. ನಮ್ಮ ದೇಶದ ಹಳೆಯ ಪದ್ಧತಿಯಲ್ಲಿ ಪರದೆಯ ಮೇಲೆ ಕಾಣುವ ಗೆರೆಗಳು 576. ಈಗಿನ ದೊಡ್ಡ ಟಿ.ವ್ಹಿ.ಗಳಲ್ಲಿ 2,160. ಹಳೆಯ ಚಾದರವನ್ನು ದೊಡ್ಡ ಹಾಸಿಗೆಗೆ ಎಳೆದು ಹಾಸಿದಂತೆ.

ಇಲ್ಲಿ ನಮ್ಮದೊಂದು ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕು. ಚಿತ್ರ ಬಂದ ಸಂತೋಷದಲ್ಲಿ ನಾವು ಕ್ಯಾಸೆಟ್ಟಿನ ಒಳಗನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ನಕಲು ಮಾಡಿಕೊಳ್ಳುವ ಏರ್ಪಾಡನ್ನೂ ಮಾಡಲಿಲ್ಲ. ಅಕ್ಕಿಕಾಳು ಬಿದ್ದವು, ಊಟದ ಪಂಕ್ತಿಗಳು ಹೋದವು, ಕೊನೆಗೆ ಮುತ್ಯಾ ಬಂದ. ಹಳದಿ ರುಮಾಲು, ಕೊರಳಲ್ಲಿ ಡೊಳ್ಳು. ಮೊದಲ ಏಟು ಬಿದ್ದೊಡನೆ ಆಯಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. ಅಜ್ಜನನ್ನು ಎಂದೂ ನೋಡಿರದ ಸಣ್ಣ ಮೊಮ್ಮಗಳು, “ಆಯಿ, ಮುತ್ಯಾ ಹಿಂಗ ಹಾಡತಿದ್ದನೇನು?” ಎಂದು ಕೇಳಿದಳು. ಆಯಿ ಉತ್ತರ ಕೊಡಲಿಲ್ಲ. ತುಟಿಗಳು ಪದದೊಂದಿಗೆ ಅಲುಗಾಡುತ್ತಿದ್ದವು. ಪದ ಮುಗಿಯಿತು. ಎಲ್ಲರೂ ಇನ್ನೊಮ್ಮೆ ಎಂದರು. ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದೆವು. ಪದ ಆರಂಭವಾಗುತ್ತಲೇ ಕರಕರ ಸದ್ದಾಗಿ ಪರದೆ ನೀಲಿಯಾಯಿತು. ಯಂತ್ರ ಟೇಪನ್ನು ಒಳಗೆ ಸುತ್ತಿಕೊಂಡಿತ್ತು.

ಪಡಸಾಲೆಯಲ್ಲಿ ಯಾರೂ ಮಾತನಾಡಲಿಲ್ಲ. ನಮ್ಮನ್ನು ಯಾರೂ ದೂಷಿಸಲೂ ಇಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಸೊಲ್ಲಾಪುರದ ಒಬ್ಬ ಹಳೆಯ ಮೆಕ್ಯಾನಿಕ್ ಯಂತ್ರವನ್ನು ಬಿಚ್ಚಿ ಟೇಪನ್ನು ಬಿಡಿಸಿಕೊಟ್ಟರು. ಅಂಚಿಗೆ ಬೂಷ್ಟು ಹಿಡಿದಿತ್ತು. ವರ್ಷಾನುಗಟ್ಟಲೆ ನಿಂತ ಯಂತ್ರದ ರಬ್ಬರು ಬೆಲ್ಟು ಸಡಿಲಾಗಿತ್ತು. ಹರಿದು ನಜ್ಜುಗುಜ್ಜಾದ ಭಾಗವನ್ನು ಕತ್ತರಿಸಿ ಜೋಡಿಸಬೇಕಾಯಿತು, ಸುಮಾರು ಮೂರು ಮೀಟರು. ಈ ಟೇಪು ನಿಮಿಷಕ್ಕೆ 140 ಸೆಂಟಿಮೀಟರಿನಂತೆ ಓಡುತ್ತದೆ. ಮುತ್ಯಾನ ಪದದ ಮೊದಲ ಎರಡು ನಿಮಿಷ ಹೋಯಿತು. ಉಳಿದದ್ದನ್ನು ಅಲ್ಲಿಯೇ ಅವರ ಒಳ್ಳೆಯ ಯಂತ್ರದಿಂದ ಕಂಪ್ಯೂಟರಿಗೆ ಇಳಿಸಿಕೊಂಡೆವು. ಹೋದ ಎರಡು ನಿಮಿಷದ ನುಡಿಗಳನ್ನು ಆಯಿ ಬಾಯಿಂದ ಹೇಳಿದಳು. ಸೊಸೆ ಅವನ್ನು ಕನ್ನಡದಲ್ಲಿ ಬರೆದಿಟ್ಟಳು. ನುಡಿ ಉಳಿಯಿತು, ಆ ನುಡಿಗಳಲ್ಲಿ ಮುತ್ಯಾನ ಕೊರಳು ಮಾತ್ರ ಉಳಿಯಲಿಲ್ಲ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ. ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಮೊದಲು ಅವುಗಳ ಅಂಚಿನ ಪ್ಲಾಸ್ಟಿಕ್ ತುಣುಕನ್ನು ಮುರಿದುಬಿಡಿ. ಅದರ ಮೇಲೆ ಬೇರೆಯದನ್ನು ಮುದ್ರಿಸುವ ಅಪಾಯ ತಪ್ಪುತ್ತದೆ. ಕಿಟಕಿಯಂಥ ಭಾಗದಿಂದ ಒಳಗೆ ನೋಡಿ. ಬಿಳಿಯ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ, ಬಲ್ಲವರಿಗೆ ತೋರಿಸಿ. ನಿಂತುಹೋದ ಯಂತ್ರವನ್ನು ಮೊದಲು ಬೇಡದ ಒಂದು ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಟೇಪಿನ ಮೇಲೆ ಕಾಂತದ ಲೇಪವಿರುವುದರಿಂದ ಸ್ಪೀಕರುಗಳ ಹತ್ತಿರ ಇಡಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು, ಮೊದಲ ಸಲ ಹಚ್ಚುವಾಗಲೇ ನಕಲಾಗುವಂತೆ ಏರ್ಪಾಡು ಮಾಡಿಕೊಳ್ಳಿ. ವ್ಹಿ.ಸಿ.ಆರ್.ನ ಅದೇ ಮೂರು ಬಣ್ಣದ ಪಿನ್ನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಸಾಧನ ಪೇಟೆಯಲ್ಲಿ ಸಿಗುತ್ತದೆ. ನಕಲನ್ನು ಎರಡು ಕಡೆ ಇಡಿ, ಒಂದು ಹಳ್ಳಿಯ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಮಕ್ಕಳ ಹತ್ತಿರ. ತಡಮಾಡುವ ಕಾಲ ಇದಲ್ಲ. ಜಗತ್ತಿನಲ್ಲಿ ಕೊನೆಯವರೆಗೆ ವ್ಹಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು. ಇರುವ ಯಂತ್ರಗಳು ಕೆಟ್ಟರೆ ಹೊಸವು ಹುಟ್ಟುವುದಿಲ್ಲ.

ಊರಿಗೆ ಹೊರಡುವ ಮುನ್ನ ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಕಟ್ಟಿಸಿದೆವು. ‘ಛತ್ರಿ’, ‘ಡಿ.ವ್ಹಿ.ಡಿ.’, ‘ಮುತ್ಯಾ’ ಎಂದು ಸಣ್ಣ ಮೊಮ್ಮಗಳು ಕನ್ನಡದಲ್ಲಿ ಬರೆದಳು. ಶಾಲೆಯಲ್ಲಿ ಆಕೆ ಕಲಿಯುವುದು ಮರಾಠಿ. ಕನ್ನಡದ ಅಕ್ಷರಗಳನ್ನು ಹಿರಿಯ ಸೊಸೆ ಮನೆಯಲ್ಲಿ ಕಲಿಸಿದ್ದಾಳೆ. ‘ಮುತ್ಯಾ’ ಎಂಬುದರ ತ್ಯಾ ಬರೆಯುವಾಗ ಒಮ್ಮೆ ತಪ್ಪಿತು. ಕೇಳಿ, ಅಳಿಸಿ, ತಿದ್ದಿ ಬರೆದಳು.